ತಿರುಪು ಮಾಮನ ಹೊಗೆಟೋಪಿ

ನಮ್ಮ ಊರಿನಲ್ಲಿ ಲಿಫ್ಟು ನಿಂತರೆ ಒಳಗೆ ಸಿಕ್ಕಿಕೊಂಡವರು ಕೂಗುವುದಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಬ್ಯಾಂಕಿನ ಮ್ಯಾನೇಜರರಿಂದ ಹಿಡಿದು ಹಾಡು ಕಲಿಸುವ ಟೀಚರಮ್ಮನವರೆಗೆ, ತಲೆ ನರೆಯತೊಡಗಿದ ಯಾರ ಚೀಲ ತಡಕಿದರೂ ಬಾಚಣಿಗೆಯ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಇದ್ದೇ ಇರುತ್ತದೆ. ಲಿಫ್ಟ್ ಕಂಪನಿಯವರು ಇದನ್ನು ಈ ಭಾಗದ ನೀರಿನಿಂದ ಬರುವ ಕಾಯಿಲೆಯೆಂದು ತಿಳಿದು, ನಮ್ಮ ಊರಿಗೆ ಮಾತ್ರ ಗುಂಡಿಗಳ ಮೇಲೆ ಬೀಗ ಹಾಕಿದ ಪೆಟ್ಟಿಗೆ ಕೂರಿಸಿದರು. ಜನ ಆ ಬೀಗವನ್ನೂ ರಿಪೇರಿ ಮಾಡಿದರು. ಅದು ಕೆಟ್ಟಿರಲಿಲ್ಲ.

ಇದು ನೀರಿನ ಕಾಯಿಲೆಯಲ್ಲ. ಇದಕ್ಕೆ ಕಾರಣ ನನ್ನ ಸೋದರಮಾವ.

ಆ ಕಾಲದಲ್ಲಿ ಬೇಕರಿಯ ಮಹಡಿಯ ಮೇಲೆ ನಮ್ಮ ಊರಿನದೇ ಒಂದು ಸಣ್ಣ ಟೀವಿ ಚಾನೆಲ್ ಇತ್ತು. ಒಂದು ಕ್ಯಾಮೆರಾ, ಒಂದು ಪರದೆ, ಕೆಳಗಿನ ಒಲೆಯ ಶಾಖ. ಮಾಮ ಅಲ್ಲಿ ಕ್ಯಾಮೆರಾ ರಿಪೇರಿಗೆಂದು ಇದ್ದವರು. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕಥೆ ಹೇಳುತ್ತಿದ್ದ ಹೆಂಗಸಿಗೆ ಒಮ್ಮೆ ಗಂಟಲು ಕಟ್ಟಿತು. ಬೇರೆ ಯಾರೂ ಇರಲಿಲ್ಲವೆಂದು ಚಾನೆಲ್ಲಿನ ಮಾಲೀಕರು ಮಾಮನನ್ನೇ ಕ್ಯಾಮೆರಾದ ಮುಂದೆ ತಳ್ಳಿದರು. ಮಾಮನಿಗೆ ಕಥೆ ಬರುತ್ತಿರಲಿಲ್ಲ. ಕೈಯಲ್ಲಿದ್ದ ಒಂದು ಕೆಟ್ಟ ಗಡಿಯಾರವನ್ನು ಮೇಜಿನ ಮೇಲಿಟ್ಟು, ತಲೆ ಬಗ್ಗಿಸಿ, "ಇದು ಯಾಕೆ ನಿಂತಿದೆ, ಬಿಚ್ಚಿ ನೋಡೋಣ" ಎಂದರು. ಅರ್ಧ ಗಂಟೆ ಊರಿನ ಮಕ್ಕಳು ನೋಡಿದ್ದು ಬೋಳುತಲೆಯ ನೆತ್ತಿ, ಮೂಗಿನ ತುದಿ ಮತ್ತು ಹತ್ತು ಬೆರಳು. ಮುಂದಿನ ವಾರ ಕಥೆಯ ಹೆಂಗಸಿನ ಗಂಟಲು ಸರಿಹೋಯಿತು. ಮಕ್ಕಳು ಅವರನ್ನು ಒಳಗೆ ಬಿಡಲಿಲ್ಲ.

ಹೀಗೆ ಅವರು ತಿರುಪು ಮಾಮ ಆದರು. ಕಾರ್ಯಕ್ರಮ ಶುರುವಾಗುವಾಗ ಮಕ್ಕಳೆಲ್ಲ ಟೀವಿಯ ಮುಂದೆ ಮಣಿಕಟ್ಟು ತಿರುಗಿಸುತ್ತ, "ಬಲಕ್ಕೆ ಬಿಗಿ, ಎಡಕ್ಕೆ ಸಡಿಲ" ಎಂದು ಮಾಮನ ಜೊತೆ ಹೇಳಬೇಕು. ಮಗ್ಗಿ ಬಾರದ ಮಕ್ಕಳಿಗೂ ಇದು ಬರುತ್ತಿತ್ತು. ರಿಪೇರಿ ಸಾಕೆನಿಸಿದಾಗ ಮಾಮ ಹೊಸದನ್ನು ಕಂಡುಹಿಡಿಯತೊಡಗಿದರು. ಬಟ್ಟೆ ಒಣಗಿದ ಕೂಡಲೇ ಗಂಟೆ ಹೊಡೆಯುವ ಹಗ್ಗ, ಎರಡೂ ಕೈಯಲ್ಲಿ ಹೊರೆ ಇದ್ದಾಗ ಮೊಣಕಾಲಿನಿಂದ ತೆಗೆಯುವ ಬಾಗಿಲ ಚಿಲಕ, ಮಲಗಿಕೊಂಡು ಓದುವವರಿಗೆ ಪುಟ ಮಗುಚುವ ಕಡ್ಡಿ. ಪ್ರತಿಯೊಂದರಲ್ಲೂ ಬೇಕೆಂದೇ ಒಂದು ತಪ್ಪು ಬಿಟ್ಟಿರುತ್ತಿದ್ದರು. ಅದೇನೆಂದು ಮಕ್ಕಳು ಹುಡುಕಬೇಕು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದರಿಂದ ನಿಷ್ಪಕ್ಷಪಾತವಾಗಿ ಹೇಳಬಲ್ಲೆ: ಬೇಕೆಂದು ಬಿಟ್ಟ ತಪ್ಪುಗಳ ಜೊತೆಗೆ ಬೇಡದೆಯೂ ಕೆಲವು ಇರುತ್ತಿದ್ದವು. ಆದರೆ ಹೊಗೆಟೋಪಿಯಲ್ಲಿ ಇರಲಿಲ್ಲ.

ಹೊಗೆಟೋಪಿ ಎಂದರೆ ಒಂದು ತಗಡಿನ ಬಕೆಟ್ಟು. ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಳ್ಳುವುದು. ಮುಂದೆ ನೋಡಲು ದುಂಡನೆಯ ಗಾಜು, ಕೆಳಗೆ ಗಾಳಿ ನುಗ್ಗದಂತೆ ದಪ್ಪ ಬಟ್ಟೆಯ ಅಂಚು, ಕಂಕುಳ ಕೆಳಗಿನಿಂದ ಹೋಗಿ ಬೆನ್ನ ಹಿಂದೆ ಒಂದು ನಟ್ಟಿನಿಂದ ಬಿಗಿಯುವ ಚರ್ಮದ ಪಟ್ಟಿ. ಬಾಯಿಯ ಹತ್ತಿರ ಒಂದು ರಬ್ಬರ್ ಕೊಳವೆ. ಅದರ ಇನ್ನೊಂದು ತುದಿ ಪಾದದ ಬಳಿ. ಹೊಗೆ ಮೇಲಕ್ಕೇರುತ್ತದೆ, ನೆಲದ ಹತ್ತಿರದ ಗಾಳಿ ಆದಷ್ಟು ಶುದ್ಧವಾಗಿರುತ್ತದೆ, ಆ ಗಾಳಿಯನ್ನು ಮೂಗಿಗೆ ತಂದುಕೊಡಬೇಕು. ಅಷ್ಟೇ ತತ್ವ. ಒಂದು ಭಾನುವಾರ ಬೇಕರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಸಿ ಗೋಣಿಚೀಲ ಸುಟ್ಟು ಹೊಗೆ ತುಂಬಿಸಿದರು. ಟೋಪಿ ಹಾಕಿಕೊಂಡ ಒಂದು ಮಗು ಈ ಬಾಗಿಲಿನಿಂದ ಹೋಗಿ ಆ ಬಾಗಿಲಿನಿಂದ ಬಂದು, ಕೈ ಎತ್ತಿ ನಿಂತಿತು. ಅಷ್ಟರಲ್ಲಿ ಹೊಗೆ ಕ್ಯಾಮೆರಾಕ್ಕೇ ನುಗ್ಗಿ ಕಾರ್ಯಕ್ರಮ ಮುಗಿಯಿತು.

ಆ ಮಗು ಯಾರು ಎಂದು ಯಾರಿಗೂ ತಿಳಿಯಲಿಲ್ಲ. ಊರು ಅದಕ್ಕೆ "ಟೋಪಿ ಹುಡುಗ" ಎಂದು ಹೆಸರಿಟ್ಟಿತು. ಮಾಮನನ್ನು ಕೇಳಿದರೆ ನಕ್ಕು ಬೇರೆ ಮಾತಾಡುತ್ತಿದ್ದರು. ಚಾನೆಲ್ಲಿನವರ ಹತ್ತಿರ ಟೇಪು ಕಡಿಮೆ. ಮುಂದಿನ ವಾರ ಅದೇ ಟೇಪಿನ ಮೇಲೆ ಕೈಕಾಲು ವ್ಯಾಯಾಮದ ಕಾರ್ಯಕ್ರಮ ತುಂಬಿಸಿದರು. ಚಾನೆಲ್ ಮುಚ್ಚಿತು. ಮಾಮ ತೀರಿಹೋದರು. ಉಳಿದದ್ದು ನಮ್ಮ ಅಕ್ಕನ ಮನೆಯ ಅಟ್ಟದ ಮೇಲಿದ್ದ ಆ ಬಕೆಟ್ಟು ಮಾತ್ರ.

ಈಗ ಭಾವನ ವಿಷಯಕ್ಕೆ ಬರಬೇಕು. ಭಾವ ಅಂದರೆ ಅಕ್ಕನ ಗಂಡ. ನೀರು ಸರಬರಾಜು ಕಚೇರಿಯಲ್ಲಿ ದೂರುಗಳ ಫೋನು ಎತ್ತುವ ಕೆಲಸ. ಮೃದು ಮನುಷ್ಯ, ನೀರು ಬರುತ್ತಿಲ್ಲ ಎಂದವರಿಗೆ ಎಷ್ಟು ಸಮಾಧಾನವಾಗಿ ಉತ್ತರ ಕೊಡುತ್ತಾರೆಂದರೆ, ಫೋನಿಟ್ಟ ಮೇಲೆ ಅವರಿಗೆ ಬಾಯಾರಿಕೆಯೇ ಇರುವುದಿಲ್ಲ. ಅವರಿಗಿರುವ ಕೊರತೆ ಒಂದೇ. ಅವರು ಬೇರೆ ಊರಿನವರು, ಮದುವೆಯಾದ ಮೇಲೆ ಇಲ್ಲಿಗೆ ಬಂದವರು. ತಿರುಪು ಮಾಮನನ್ನು ಟೀವಿಯಲ್ಲಿ ಒಮ್ಮೆಯೂ ನೋಡಿಲ್ಲ. ನಾಲ್ಕು ಜನ ಸೇರಿ ಒಣಗಿದ ಬಟ್ಟೆಯ ಗಂಟೆಯನ್ನು ನೆನೆದು ನಗುವಾಗ ಭಾವನೂ ನಗುತ್ತಿದ್ದರು, ಆದರೆ ಒಂದು ಕ್ಷಣ ತಡವಾಗಿ. ಆ ಒಂದು ಕ್ಷಣವನ್ನು ಊರು ಗಮನಿಸುತ್ತಿತ್ತು.

ಕಟಿಂಗ್ ಶಾಪಿನ ಯಜಮಾನ ಎಲ್ಲರಿಗಿಂತ ಹೆಚ್ಚು ಗಮನಿಸುತ್ತಿದ್ದ. ಆ ದಿನ ಭಾವ ಕತ್ತಿನವರೆಗೆ ಬಿಳಿ ಬಟ್ಟೆ ಹೊದ್ದು, ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದಾಗ, ಅವನು ಊರಿನ ದೊಡ್ಡ ಸುದ್ದಿ ಹೇಳುತ್ತಿದ್ದ. ಗ್ರಂಥಾಲಯದಲ್ಲಿ ಮಕ್ಕಳಿಗೆಂದು ಹೊಸ ಕೊಠಡಿ ಕಟ್ಟಿದ್ದಾರೆ. ಅದಕ್ಕೆ ತಿರುಪು ಮಾಮನ ಹೆಸರಿಡಿ ಎಂದು ಊರು ಕೇಳಿದೆ. ಆದರೆ ಹೊಸದಾಗಿ ವರ್ಗವಾಗಿ ಬಂದಿರುವ ನಗರಸಭೆಯ ಆಯುಕ್ತರು ಒಪ್ಪುತ್ತಿಲ್ಲ. ಮಕ್ಕಳನ್ನು ನಗಿಸುವವರು ಎಲ್ಲ ಊರಲ್ಲೂ ಇರುತ್ತಾರೆ, ಇವರು ಏನಾದರೂ ಕಂಡುಹಿಡಿದದ್ದು ನಿಜವಾದರೆ ತೋರಿಸಿ, ಇಲ್ಲದಿದ್ದರೆ ಆ ಕೊಠಡಿಯಲ್ಲಿ ನೀರು ಸರಬರಾಜು ಕಚೇರಿಯ ಹಳೆಯ ಮೀಟರುಗಳನ್ನು ಇಡುತ್ತೇವೆ ಎಂದಿದ್ದಾರೆ. ಟೇಪಿಲ್ಲ, ಸಾಕ್ಷಿಯಿಲ್ಲ. ಇಷ್ಟು ಹೇಳಿ ಅವನು ನಿಟ್ಟುಸಿರಿಟ್ಟು, ಕತ್ತಿ ಮಸೆಯುತ್ತ, "ಬಿಡಿ, ನೀವು ಹೊರಗಿನವರು. ನಿಮಗೆ ಈ ಸಂಕಟ ಗೊತ್ತಾಗಲ್ಲ" ಎಂದ.

ಭಾವ ಬಹಳ ವರ್ಷ ಸಹಿಸಿದ್ದರು. ನೊರೆಯೊಳಗಿನಿಂದಲೇ, "ಗೊತ್ತಾಗದೆ ಏನಯ್ಯ, ಆ ಟೋಪಿಯೊಳಗೆ ಇದ್ದದ್ದು ನಾನೇ" ಎಂದುಬಿಟ್ಟರು.

ಅವನು ಕತ್ತಿ ಕೆಳಗಿಟ್ಟ. ಬೇರೆ ಊರಿನವರು ಹೇಗೆ ಬಂದಿರಿ ಎಂದು ಕೇಳಿದ. ಭಾವ ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಸುಳ್ಳಿಗೂ ಒಂದು ವೇಗವಿರುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಾಕುವ ಅಭ್ಯಾಸ ಭಾವನಿಗೆ ಇರಲಿಲ್ಲ. "ರಜೆಗೆ ಚಿಕ್ಕಮ್ಮನ ಮನೆಗೆ ಬಂದಿದ್ದೆ" ಎಂದರು. ಈ ಚಿಕ್ಕಮ್ಮನಿಂದಾಗಿ ಎಲ್ಲವೂ ನಿಜವಾಗಿಬಿಟ್ಟಿತು. ಚಿಕ್ಕಮ್ಮನನ್ನು ಯಾರು ತಾನೇ ಸುಮ್ಮನೆ ಹುಟ್ಟಿಸುತ್ತಾರೆ?

ಅರ್ಧ ಮುಖ ಬೋಳಿಸಿಕೊಂಡು ಭಾವ ಮನೆಗೆ ಬಂದರು. ಉಳಿದರ್ಧವನ್ನು ಮುಗಿಸುವ ಮೊದಲೇ ಯಜಮಾನ ಸುದ್ದಿ ಹೇಳಲು ಅಂಗಡಿ ಬಿಟ್ಟು ಓಡಿದ್ದ. ಬೇಕರಿಯವರು ಬ್ರೆಡ್ಡು ಕಳಿಸಿ, ಹೊಗೆ ಎಬ್ಬಿಸಿದ ಗೋಣಿಚೀಲ ತಮ್ಮ ಅಂಗಡಿಯದೇ ಎಂದು ನೆನಪಿಸಿದರು. ಪಕ್ಕದ ಮನೆಯ ಅಜ್ಜಿ ಬಂದು ಭಾವನ ಗಲ್ಲ ಹಿಡಿದು, ಆ ದಿನ ಈ ಮಗು ಸತ್ತೇಹೋಯಿತು ಅಂತ ಅತ್ತಿದ್ದೆ ಕಣಪ್ಪ, ಇಷ್ಟು ವರ್ಷ ಗೋಡೆಯ ಆಚೆಯೇ ಇದ್ದೀಯಲ್ಲ ಎಂದು ಇನ್ನೊಮ್ಮೆ ಅತ್ತರು. ಎದುರು ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟರು, ನಡಿಗೆ ನೋಡಿಯೇ ತಮಗೆ ಎಂದೋ ಅನುಮಾನ ಬಂದಿತ್ತು, ಹೇಳಿರಲಿಲ್ಲ ಎಂದರು. ಕಚೇರಿಯಲ್ಲಿ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಯಾರಿಗೂ ನೀರಿನ ಚಿಂತೆಯಿರಲಿಲ್ಲ, ಒಳಗೆ ಹೆದರಿಕೆ ಆಯಿತಾ ಎಂದು ಕೇಳುವವರೇ. ಮೀಟರುಗಳಿಗೆ ಕೊಠಡಿ ಸಿಗಲಿ ಎಂದು ಕಾಯುತ್ತಿದ್ದ ಭಾವನ ಮೇಲಧಿಕಾರಿ, ತಮ್ಮದೇ ಗುಮಾಸ್ತ ಹೀಗೆ ಬೆನ್ನಿಗೆ ಚೂರಿ ಹಾಕುತ್ತಾನೆಂದು ತಿಳಿದಿರಲಿಲ್ಲ ಎಂದು ಎಲ್ಲರೆದುರು ಬೇಸರಪಟ್ಟುಕೊಂಡು, ಬಾಗಿಲು ಹಾಕಿಕೊಂಡು ಟೋಪಿಯ ತೂಕವೆಷ್ಟಿತ್ತು ಎಂದು ವಿಚಾರಿಸಿದರು.

ಅಕ್ಕನಿಗೆ ಸುದ್ದಿ ಹೇಳಿದ್ದು ನಾನೇ. ಅವಳಿಗೆ ಕನ್ನಡಕದ ಅಂಗಡಿಯಿದೆ. ಮಸೂರವೊಂದನ್ನು ಉಜ್ಜುತ್ತ ಕುಳಿತಿದ್ದಳು. ಪೂರ್ತಿ ಕೇಳಿದಳು. ಮಸೂರವನ್ನು ಬೆಳಕಿಗೆ ಹಿಡಿದು ನೋಡಿ, "ಹೌದಾ. ಟೋಪಿ ಒಳಗೆ ಏನು ವಾಸನೆ ಇತ್ತಂತೆ, ಕೇಳು" ಎಂದಳು.

ಹೋಗಿ ಕೇಳಿದೆ. ಹೊಗೆಯ ವಾಸನೆ, ಇನ್ನೇನಿರುತ್ತದೆ ಎಂದು ಭಾವ ಹೇಳಿದರು. ಅದನ್ನು ಅಕ್ಕನಿಗೆ ತಲುಪಿಸಿದೆ. "ಹೊಗೆ ಒಳಗೆ ಬಂದಿದ್ರೆ ಅದು ಯಾತರ ಹೊಗೆಟೋಪಿ" ಎಂದಳು ಅಷ್ಟೆ. ಮತ್ತೆ ಉಜ್ಜತೊಡಗಿದಳು. ವೈಜ್ಞಾನಿಕವಾಗಿ ಅವಳ ಮಾತು ಸರಿ ಎಂದು ನನಗೆ ಕಂಡಿತು. ಅದರಿಂದ ಮುಂದಕ್ಕೆ ಯೋಚಿಸಲು ನನ್ನ ಪದವಿ ಸಾಲಲಿಲ್ಲ.

ಆಯುಕ್ತರು ಭಾವನನ್ನು ಕರೆಸಿದರು. ತೆಳ್ಳಗಿನ ಮನುಷ್ಯ, ಕಂದು ಬಣ್ಣದ ಶೂ. ನಡೆದರೆ ಕಿರ್ ಕಿರ್ ಎನ್ನುತ್ತಿತ್ತು. ಈ ಊರಿನಲ್ಲಿ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಲ್ಲದ ಇಬ್ಬರೇ ಗಂಡಸರು ಆ ಕೋಣೆಯಲ್ಲಿ ಎದುರುಬದುರು ಕುಳಿತಿದ್ದರು, ಆದರೆ ಅದು ಇಬ್ಬರಿಗೂ ಗೊತ್ತಿರಲಿಲ್ಲ. ಆಯುಕ್ತರು ಕೆಟ್ಟವರಲ್ಲ. ಟೋಪಿ ಉಳಿದಿದೆ ಎಂದು ತಿಳಿದು ಸಂತೋಷಪಟ್ಟರು. ಹಾಕಿಕೊಂಡವರೇ ಸಿಕ್ಕಿದ್ದು ಇನ್ನೂ ಒಳ್ಳೆಯದಾಯಿತು ಎಂದರು. ಶನಿವಾರ ಆ ಹೊಸ ಕೊಠಡಿಯಲ್ಲೇ ಅಗ್ನಿಶಾಮಕದವರು ಹೊಗೆ ತುಂಬುತ್ತಾರೆ, ನೀವು ಟೋಪಿ ಹಾಕಿಕೊಂಡು ಈ ಕಡೆಯಿಂದ ಆ ಕಡೆಗೆ ನಡೆಯಿರಿ, ಆಮೇಲೆ ಟೋಪಿ ತೆಗೆದು ಆ ದಿನದ ಬಗ್ಗೆ ಮಾತಾಡಿ. ಟೋಪಿ ಕೆಲಸ ಮಾಡಿದರೆ ಹೆಸರು, ಇಲ್ಲದಿದ್ದರೆ ಮೀಟರು.

ಭಾವ ನಿಜ ಹೇಳಲೆಂದೇ ಬಾಯಿ ತೆರೆದರಂತೆ. ಅಷ್ಟರಲ್ಲಿ ಬಾಗಿಲಾಚೆ ನಿಂತು ಕೇಳುತ್ತಿದ್ದ ನಗರಸಭೆಯ ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿದರು. ಬಾಯಿ ತೆರೆದದ್ದು ವ್ಯರ್ಥವಾಗಬಾರದೆಂದು ಭಾವ ಒಂದು ಲೋಟ ನೀರು ಕೇಳಿ ಕುಡಿದು ಬಂದರು.

ನನ್ನ ಹತ್ತಿರ ಎಲ್ಲವನ್ನೂ ಹೇಳಿಕೊಂಡರು. ಈಗ ನಿಜ ಹೇಳಿದರೆ ಸುಳ್ಳುಗಾರರ ಊರೆಂದು ಆಯುಕ್ತರು ಬೀಗದ ಕೈಯನ್ನು ಮೀಟರಿನವರಿಗೆ ಕೊಡುತ್ತಾರೆ. ಹೇಳದಿದ್ದರೆ ಹೊಗೆಯೊಳಗೆ ಹೋಗಬೇಕು. ಒಂದು ಸಲ ಹಾಕಿಕೊಂಡು ಅಭ್ಯಾಸ ಮಾಡುತ್ತೇನೆ, ಟೋಪಿ ಇಳಿಸಿಕೊಡು ಎಂದು ಅಕ್ಕನನ್ನು ಬೇಡಿದರು. ಅಕ್ಕ, "ಒಂದು ಸಲ ಹಾಕ್ಕೊಂಡವರಿಗೆ ಅಭ್ಯಾಸ ಯಾಕೆ" ಎಂದು ಅಟ್ಟದ ಏಣಿಯನ್ನು ಅಂಗಡಿಗೆ ಒಯ್ದಳು.

ಶನಿವಾರ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಕೊಠಡಿಯ ಒಂದು ಗೋಡೆ ಪೂರ್ತಿ ಗಾಜು. ಎರಡು ತುದಿಗೂ ಬಾಗಿಲು. ಜನ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಅಗ್ನಿಶಾಮಕದ ಅಧಿಕಾರಿಣಿ ಹೊಗೆಯ ಯಂತ್ರ ತಂದಿದ್ದರು. ಅಕ್ಕ ಬಕೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ತಾನೇ ಭಾವನ ತಲೆಗೆ ಹಾಕಿದಳು, ತಾನೇ ಬೆನ್ನ ಹಿಂದೆ ನಿಂತು ಪಟ್ಟಿ ಬಿಗಿದಳು. ಆ ಹೊತ್ತಿನಲ್ಲಿ ಅವಳ ಮುಖದಲ್ಲಿ ಒಂದು ಶಾಂತಿಯಿತ್ತು. ಗಿರಾಕಿ ಬೇರೆಯವರ ಕನ್ನಡಕ ಹಾಕಿಕೊಂಡು ಚೆನ್ನಾಗಿ ಕಾಣುತ್ತದೆ ಎಂದು ಹಟ ಹಿಡಿದಾಗ, ಅವಳು ಹೀಗೆಯೇ ಸುಮ್ಮನಿದ್ದು, ಅವರು ಬಾಗಿಲಿಗೆ ಡಿಕ್ಕಿ ಹೊಡೆಯುವವರೆಗೆ ಕಾಯುತ್ತಾಳೆ.

ಭಾವ ಹೊಗೆಯೊಳಗೆ ಹೋದರು. ಕಾಣಿಸದಾದರು. ಆಮೇಲೆ ಕೆಮ್ಮು ಕೇಳಿಸಿತು, ತಗಡಿನೊಳಗಿನ ಕೆಮ್ಮು. ನನಗೆ ಅರ್ಥವಾಯಿತು. ಕೊಳವೆ ಮಗುವಿನ ಅಳತೆಯದು. ಭಾವನಿಗೆ ಅದು ಮೊಣಕಾಲಿನಷ್ಟಕ್ಕೇ ಬರುತ್ತಿತ್ತು, ಅಲ್ಲಿ ಇನ್ನೂ ಹೊಗೆ. ನಾನು ಗಾಜು ಬಡಿದು ಕೂತುಕೊಳ್ಳಿ ಎಂದು ಸನ್ನೆ ಮಾಡಿದೆ. ಅದು ಅವರಿಗೆ ಕಂಡಿತೋ ಅಥವಾ ಹೆದರಿ ಕುಸಿದರೋ, ನಾನು ಹೇಳಲಾರೆ. ಕೊಳವೆಯ ತುದಿ ನೆಲಕ್ಕೆ ಮುಟ್ಟಿತು, ಕೆಮ್ಮು ನಿಂತಿತು. ಸ್ವಲ್ಪ ಹೊತ್ತಿಗೆ ಆಚೆ ಬಾಗಿಲಿನಿಂದ ಒಂದು ಬಕೆಟ್ಟು ಕುಕ್ಕರಗಾಲಿನಲ್ಲಿ, ಬಾತುಕೋಳಿಯಂತೆ, ಅತ್ತಿತ್ತ ವಾಲುತ್ತ ಹೊರಗೆ ಬಂತು. ಎದ್ದು ನಿಂತು ಕೈ ಎತ್ತಿತು.

ಊರು ಹುಚ್ಚೆದ್ದು ಕೂಗಿತು. ಡ್ರಾಯಿಂಗ್ ಮೇಷ್ಟರು, ಅದೇ ನಡಿಗೆ, ಅದೇ ನಡಿಗೆ ಎಂದು ಪಕ್ಕದವರ ಭುಜ ಅಲುಗಿಸುತ್ತಿದ್ದರು. ಆಯುಕ್ತರೂ ಮುಗುಳ್ನಕ್ಕು, ಸರಿ, ಟೋಪಿ ತೆಗೆದು ಮಾತಾಡಿ ಎಂದರು.

ಟೋಪಿ ಬರಲಿಲ್ಲ.

ಕಟಿಂಗ್ ಶಾಪಿನ ಯಜಮಾನ ಮೊದಲು ನುಗ್ಗಿದ. ಬೆನ್ನ ಹಿಂದಿನ ನಟ್ಟು ಹಿಡಿದು, ಚಿಕ್ಕಂದಿನಿಂದ ಕಲಿತಂತೆ, ಎಡಕ್ಕೆ ತಿರುಗಿಸಿದ. ಬಿಗಿಯಾಗಿದೆ ಎಂದ. ಬ್ಯಾಂಕ್ ಮ್ಯಾನೇಜರು ಅವನನ್ನು ಸರಿಸಿ ತಾವೂ ಎಡಕ್ಕೆ ತಿರುಗಿಸಿದರು. ಆಮೇಲೆ ಬೇಕರಿಯವರು, ಬಲವಾದ ಕೈ. ಸ್ಕ್ರೂಡ್ರೈವರುಗಳು ಹೊರಬಂದವು. ಯಾರೋ ಹಿಂದಿನಿಂದ "ಬಲಕ್ಕೆ ಬಿಗಿ, ಎಡಕ್ಕೆ ಸಡಿಲ" ಎಂದು ಶುರುಮಾಡಿದರು. ಒಂದೇ ನಿಮಿಷದಲ್ಲಿ ಇಡೀ ಗ್ರಂಥಾಲಯ, ಮೌನವಾಗಿರಿ ಎಂಬ ಫಲಕದ ಕೆಳಗೆ, ಮಣಿಕಟ್ಟು ತಿರುಗಿಸುತ್ತ ಒಕ್ಕೊರಲಿನಿಂದ ಹೇಳುತ್ತಿತ್ತು. ಒಬ್ಬೊಬ್ಬರು ತಿರುಗಿಸಿದಂತೆಯೂ ಪಟ್ಟಿ ಬಿಗಿಯಾಗುತ್ತ ಹೋಗಿ ಭಾವನ ಭುಜಗಳು ಮೇಲೇರಿದವು. ಕೊನೆಗೆ ಅವರು, ತನಗೇನೂ ಗೊತ್ತಿಲ್ಲ ಎಂದು ಭುಜ ಕುಣಿಸಿದವನ ಭಂಗಿಯಲ್ಲಿ ಹಾಗೆಯೇ ನಿಂತುಬಿಟ್ಟರು. ಆ ದಿನ ಅವರು ತೋರಿಸಿದ ಭಂಗಿಗಳಲ್ಲಿ ಸತ್ಯಕ್ಕೆ ಹತ್ತಿರವಾದದ್ದು ಅದೊಂದೇ.

ಒಳಗೆ ಏನೋ ಹೇಳುತ್ತಿದ್ದರು. ಬಕೆಟ್ಟಿಗೆ ಕಿವಿಯಿಟ್ಟರೆ ಗುಂಯ್‌ಗುಡುವುದಷ್ಟೇ ಕೇಳುತ್ತಿತ್ತು. ಮಾತು ಹೊರಗೆ ಬರುವ ದಾರಿ ಕೊಳವೆಯೇ ಎಂದು ಹೊಳೆದು ನಾನು ಅವರ ಮೊಣಕಾಲಿನ ಬಳಿ ಕುಳಿತು ಅದರ ತುದಿಯನ್ನು ಕಿವಿಗೆ ಹಿಡಿದೆ. ದೂರದ ಊರಿನಿಂದ ಫೋನು ಬಂದಂತೆ ಭಾವನ ದನಿ ಸ್ಪಷ್ಟವಾಗಿ ಕೇಳಿಸಿತು.

"ಸಾಹೇಬ್ರಿಗೆ ಹೇಳಿಬಿಡು. ಆ ಹುಡುಗ ನಾನಲ್ಲ. ನನಗೆ ಚಿಕ್ಕಮ್ಮನೇ ಇಲ್ಲ."

ಆಯುಕ್ತರು ನನ್ನ ಮೇಲೆ ಬಾಗಿ, ಏನಂತೆ, ಉಸಿರು ಕಟ್ಟುತ್ತಿದೆಯಂತಾ ಎಂದು ಗಾಬರಿಯಿಂದ ಕೇಳಿದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ಒಳ್ಳೆಯ ಅಭ್ಯಾಸ. ಇಲ್ಲ ಸರ್, ಉಸಿರು ಚೆನ್ನಾಗಿ ಆಡುತ್ತಿದೆ ಎಂದೆ. ಅದು ನಿಜವೂ ಆಗಿತ್ತು. ಇಷ್ಟು ಹೊತ್ತು ತಗಡಿನೊಳಗೆ ಮುಚ್ಚಿಕೊಂಡ ಮನುಷ್ಯ ತಪ್ಪೊಪ್ಪಿಗೆ ಕೊಡುವಷ್ಟು ಗಾಳಿ ಆ ಕೊಳವೆಯಿಂದ ಬರುತ್ತಿತ್ತು. ಅಗ್ನಿಶಾಮಕದ ಅಧಿಕಾರಿಣಿ ಕೂಡ ಕೊಳವೆಯನ್ನೂ ಬಟ್ಟೆಯ ಅಂಚನ್ನೂ ಮುಟ್ಟಿ ನೋಡಿ, ಇದನ್ನು ಮಾಡಿದವರಿಗೆ ಹೊಗೆ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು ಎಂದರು. ಆದರೆ ಕೈಯಲ್ಲಿ ತಗಡು ಕತ್ತರಿಸುವ ಕತ್ತರಿ ಹಿಡಿದಿದ್ದರು. ಮನುಷ್ಯ ಮುಖ್ಯ, ಕತ್ತರಿಸಿ ಎಂದು ಆಯುಕ್ತರು ಹೇಳಿದರು.

ಕೂಗು ನಿಂತಿತು. ಮಾಮ ಮಾಡಿದ್ದರಲ್ಲಿ ಉಳಿದಿದ್ದದ್ದು ಅದೊಂದೇ. ಕತ್ತರಿಯ ಬಾಯಿ ಬಕೆಟ್ಟಿನ ಅಂಚಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು.

"ಕತ್ತರಿಸಬೇಡಿ" ಎಂದಳು ಅಕ್ಕ.

ಜನ ದಾರಿ ಬಿಟ್ಟರು. ಅವಳು ಬಂದು ನನ್ನ ಕೈಯಿಂದ ಕೊಳವೆಯ ತುದಿ ತೆಗೆದುಕೊಂಡು, ಬಾಯಿಗೆ ಹಿಡಿದು, ಮೆಲ್ಲಗೆ ಮಾತಾಡಿದಳು. "ರೀ, ಅಲ್ಲಾಡಬೇಡಿ. ನಿಧಾನಕ್ಕೆ ಉಸಿರಾಡಿ. ಗಾಜಿನಲ್ಲಿ ಯಾರಾದ್ರೂ ಒಬ್ಬರ ಮುಖ ನೋಡ್ತಾ ಇರಿ, ಹೆದರಿಕೆ ಆಗಲ್ಲ."

ಆಮೇಲೆ ಬೆನ್ನ ಹಿಂದೆ ಹೋಗಿ ನಟ್ಟು ಹಿಡಿದು ಬಲಕ್ಕೆ ತಿರುಗಿಸಿದಳು. ಎಡಕ್ಕೆ, ಎಡಕ್ಕೆ ಎಂದು ಇಡೀ ಊರು ತಿದ್ದಿತು. ಅವಳು ಇನ್ನೂ ಬಲಕ್ಕೆ ತಿರುಗಿಸಿದಳು. ಭಾವನ ಭುಜಗಳು ಇಳಿದವು, ಪಟ್ಟಿ ಸಡಿಲಾಯಿತು, ನಟ್ಟು ಅವಳ ಅಂಗೈಗೆ ಬಂತು.

ಕಟಿಂಗ್ ಶಾಪಿನ ಯಜಮಾನನಿಗೆ ಮನೆ ಕುಸಿದಂತಾಗಿತ್ತು. "ಬಲಕ್ಕೆ ಬಿಗಿ ಅಲ್ವಾ ಅಕ್ಕ" ಎಂದ. ಕೇಳಿದ ದನಿ ಒಂಬತ್ತು ವರ್ಷದ ಹುಡುಗನದು.

"ಇದು ಟೇಬಲ್ ಫ್ಯಾನಿನ ನಟ್ಟು ಕಣೋ. ರೆಕ್ಕೆ ತಿರುಗೋವಾಗ ತಾನಾಗೇ ಬಿಚ್ಚಿಕೊಳ್ಳಬಾರದು ಅಂತ ಉಲ್ಟಾ ಕೊರೆದಿರ್ತಾರೆ. ಪ್ರತಿ ವಾರ ಒಂದು ತಪ್ಪು ಬಿಡ್ತಿದ್ರಲ್ಲ. ಆ ವಾರದ್ದು ಇದು. ಹೇಳೋ ಮೊದಲೇ ಕ್ಯಾಮೆರಾಕ್ಕೆ ಹೊಗೆ ನುಗ್ಗಿತು."

ಇದು ನಿಮಗೆ ಹೇಗೆ ಗೊತ್ತು ಎಂದು ಆಯುಕ್ತರು ಕೇಳಿದರು.

"ಹಾಕೋವಾಗ ಮಾಮ ಹೇಳಿದ್ರು."

"ಯಾರಿಗೆ ಹಾಕೋವಾಗ?"

ಅಕ್ಕ ಸೆರಗಿನ ತುದಿಯಿಂದ ಬಕೆಟ್ಟಿನ ಗಾಜು ಒರೆಸುತ್ತಿದ್ದಳು. ಉತ್ತರ ಕೊಟ್ಟವರು ಭಾವ. ಕೂದಲು ನಿಗುರಿ, ಕಿವಿ ಕೆಂಪಾಗಿ, ಮೂಗು ಅರಳಿಸಿ ನಿಂತಿದ್ದರು. "ಒಳಗೆ ಜಾಮಿನ ವಾಸನೆ" ಎಂದರು. "ಇದು ಬೇಕರಿಯ ಜಾಮಿನ ಬಕೆಟ್ಟು. ಬಿಸಿಯಾದ್ರೆ ಈಗಲೂ ಬರುತ್ತೆ. ನೀನು ಕೇಳಿ ಕಳಿಸಿದ್ದು ಅದನ್ನೇ ಅಲ್ವಾ." ಆಮೇಲೆ ಆಯುಕ್ತರ ಕಡೆ ತಿರುಗಿ, ಬೆನ್ನು ನೆಟ್ಟಗೆ ಮಾಡಿ, ತಮ್ಮ ಜೀವಮಾನದಲ್ಲಿ ಯಾವ ದೂರಿಗೂ ಕೊಡದಷ್ಟು ಸ್ಪಷ್ಟವಾದ ಉತ್ತರ ಕೊಟ್ಟರು. "ಸರ್, ಆ ಮಗು ನಾನಲ್ಲ. ಇವಳು."

ಆ ದಿನ ನಡೆದದ್ದನ್ನು ಅಕ್ಕ ಆಗ ಹೇಳಿದಳು, ಎರಡೇ ಮಾತಿನಲ್ಲಿ, ಅಂಗಡಿಗೆ ತಡವಾಗುತ್ತಿದೆ ಎನ್ನುವ ಹಾಗೆ. ಟೋಪಿ ಹಾಕಿಕೊಳ್ಳಬೇಕಾಗಿದ್ದದ್ದು ಚಾನೆಲ್ ಮಾಲೀಕರ ಅಣ್ಣನ ಮಗ. ಹೊಗೆ ನೋಡಿ ಅವನು ಬೇಕರಿಯ ಮಾಡು ಹತ್ತಿ ಕುಳಿತ. ಮಾಮನಿಗೆ ಊಟದ ಡಬ್ಬಿ ತಂದಿದ್ದ ಅಕ್ಕ ಅಲ್ಲೇ ಇದ್ದಳು; ಜ್ವರ ಬಂದು ಎದ್ದಿದ್ದರಿಂದ ತಲೆಗೂದಲು ಕತ್ತರಿಸಿದ್ದರು, ನಮ್ಮಣ್ಣನ ಚಡ್ಡಿ ಹಾಕಿಕೊಂಡಿದ್ದಳು. ನಾನು ಹಾಕ್ಕೊಳ್ತೀನಿ ಅಂದಳು. ಮಾಮ ಮೊದಲು ತಾವೇ ಹಾಕಿಕೊಂಡು ಆ ಹೊಗೆಯಲ್ಲಿ ನಡೆದು ಬಂದು, ಆಮೇಲೆ ಅವಳ ತಲೆಗೆ ಹಾಕಿದರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಇದನ್ನು ಕೇಳಿದ್ದು ಪಕ್ಕದ ಮನೆಯ ಅಜ್ಜಿ. ಅತ್ತ ಕಣ್ಣೀರು ತಪ್ಪು ವಿಳಾಸಕ್ಕೆ ಹೋಯಿತಲ್ಲ ಎಂಬ ಬೇಸರ ಅವರಿಗೆ.

"ಮಾಮ ಬೇಡ ಅಂದಿದ್ರು. ಒಳಗೆ ಯಾರು ಅಂತ ಗೊತ್ತಾಗದೆ ಇದ್ರೆ ನೋಡೋ ಮಕ್ಕಳೆಲ್ಲ ತಾವೇ ಒಳಗಿದೀವಿ ಅಂದ್ಕೋತಾರೆ, ನಿನ್ನ ಹೆಸರು ಹೇಳಿದ ಕ್ಷಣ ಉಳಿದವರೆಲ್ಲ ಹೊರಗೆ ಬಂದುಬಿಡ್ತಾರೆ ಅಂತ."

ನಾನು ಸುತ್ತ ನೋಡಿದೆ. ಮ್ಯಾನೇಜರು, ಬೇಕರಿಯವರು, ಹಾಡಿನ ಟೀಚರಮ್ಮ, ಎಲ್ಲರೂ ತಮ್ಮ ತಮ್ಮ ಸ್ಕ್ರೂಡ್ರೈವರ್ ನೋಡುತ್ತ ನಿಂತಿದ್ದರು. ಯಾರೂ ಒಪ್ಪಲಾರರು, ಆದರೆ ಅವರೆಲ್ಲ ಆ ಬಕೆಟ್ಟಿನೊಳಗಿನಿಂದ ಈಗಷ್ಟೇ ಹೊರಗೆ ಬಂದವರ ಹಾಗೆ ಕಣ್ಣು ಮಿಟುಕಿಸುತ್ತಿದ್ದರು. ಇಷ್ಟು ಜನರನ್ನು ಇಷ್ಟು ಕಾಲ ಒಂದೇ ಬಕೆಟ್ಟಿನಲ್ಲಿ ಹಿಡಿಸಿಟ್ಟದ್ದು ನನ್ನ ಸೋದರಮಾವ ಎಂದು ನನಗೆ ಬಹಳ ಹೆಮ್ಮೆಯಾಯಿತು. ಭೌತಶಾಸ್ತ್ರದಲ್ಲಿ ಇದಕ್ಕೆ ಸೂತ್ರವಿಲ್ಲ.

ಆಯುಕ್ತರು ಟೋಪಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಸಾಕ್ಷಿ ಸುಳ್ಳಾದರೂ ಟೋಪಿ ಸುಳ್ಳಲ್ಲ ಎಂದರು. ಬೀಗದ ಕೈಯನ್ನು ಗ್ರಂಥಪಾಲಕಿಗೆ ಕೊಟ್ಟರು.

ಮೀಟರುಗಳು ಈಗ ಮೆಟ್ಟಿಲ ಕೆಳಗಿವೆ. ಕೊಠಡಿಯ ಬಾಗಿಲ ಮೇಲೆ ತಿರುಪು ಮಾಮನ ಹೆಸರಿನ ಫಲಕವಿದೆ. ಅದು ಯಾವತ್ತೂ ನೆಟ್ಟಗಿರುವುದಿಲ್ಲ, ನೆಟ್ಟಗೆ ಮಾಡಲು ದಿನವೂ ಯಾರಾದರೂ ಬರುತ್ತಾರೆ. ಟೋಪಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಇಡಲು ಅಕ್ಕ ಬಿಡಲಿಲ್ಲ. ನಟ್ಟನ್ನು ಬಲಕ್ಕೆ ತಿರುಗಿಸಿ ಎಂದು ಚೀಟಿ ಅಂಟಿಸಲೂ ಬಿಡಲಿಲ್ಲ. ಮಕ್ಕಳು ಹಾಕಿಕೊಳ್ಳುತ್ತಾರೆ, ಸಿಕ್ಕಿಕೊಳ್ಳುತ್ತಾರೆ, ಬೇಗನೆ ಬಿಡಿಸಿಕೊಳ್ಳುತ್ತಾರೆ. ಅಪ್ಪಂದಿರು ಸಿಕ್ಕಿಕೊಂಡರೆ ಮಾತ್ರ ಕನ್ನಡಕದ ಅಂಗಡಿಗೆ ಫೋನು ಬರುತ್ತದೆ.

ಭಾವ ಈಗ ಹೊಸಬರು ಯಾರು ಸಿಕ್ಕಿದರೂ ಎದೆಯುಬ್ಬಿಸಿ, ಟೋಪಿಯೊಳಗಿದ್ದದ್ದು ನನ್ನ ಹೆಂಡತಿ ಎಂದು ಹೇಳುತ್ತಾರೆ. ಆ ಹೊಸಬರು ಹೋಗಿ ಕಟಿಂಗ್ ಶಾಪಿನಲ್ಲಿ ವಿಚಾರಿಸುತ್ತಾರೆ. ಯಜಮಾನ ಕತ್ತರಿ ಆಡಿಸುತ್ತಲೇ, ಮನುಷ್ಯ ಒಳ್ಳೆಯವರು, ಆದರೆ ಈ ಟೋಪಿ ವಿಷಯದಲ್ಲಿ ಅವರ ಮಾತು ನಂಬಬೇಡಿ ಎನ್ನುತ್ತಾನೆ. ನಿಜ ಹೇಳಿಯೂ ಸುಳ್ಳುಗಾರನೆನಿಸಿಕೊಳ್ಳುವ ಈ ಸ್ಥಿತಿಯನ್ನು ಭಾವ ಸಂತೋಷದಿಂದ ಅನುಭವಿಸುತ್ತಿದ್ದಾರೆ. ನಗುವಾಗ ಈಗ ತಡವಾಗುವುದಿಲ್ಲ.

ಆಯುಕ್ತರಿಗೆ ಬೇರೆ ಊರಿಗೆ ವರ್ಗವಾಯಿತು. ಅವರು ಹೊರಡುವ ಹಿಂದಿನ ಸಂಜೆ, ಟೋಪಿಯ ಗಾಜು ಗೀರಾಗಿದೆ, ಬದಲಿಸಬೇಕೆಂದು ಅಕ್ಕ ಗ್ರಂಥಾಲಯಕ್ಕೆ ಹೊರಟಳು. ಭಾವ, ನಾನು ಜೊತೆಗೆ ಹೋದೆವು. ಓದುವವರೆಲ್ಲ ಎದ್ದು ಹೋಗಿದ್ದರು. ಕೊಠಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ, ಮಕ್ಕಳ ಕುರ್ಚಿಗಳ ನಡುವೆ, ಬಕೆಟ್ಟು ಹಾಕಿಕೊಂಡ ಯಾರೋ ಒಬ್ಬರು ಕುಕ್ಕರಗಾಲಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದರು. ಶೂ ಕಿರ್ ಕಿರ್ ಎನ್ನುತ್ತಿತ್ತು. ಗೋಡೆ ಮುಟ್ಟಿದ ಮೇಲೆ ಎದ್ದು ನಿಂತು, ಯಾರೂ ಇಲ್ಲದ ಕೋಣೆಗೆ ಕೈ ಎತ್ತಿ ತೋರಿಸಿದರು. ಆಮೇಲೆ ಆ ಕೈ ಬೆನ್ನ ಹಿಂದೆ ಹೋಗಿ ನಟ್ಟು ಹಿಡಿಯಿತು, ಎಡಕ್ಕೆ ಹೊರಟು ಅನುಮಾನಿಸಿ ನಿಂತಿತು, ಬಲಕ್ಕೆ ತಿರುಗಿತು.

ಭಾವ ಬಾಯಿ ತೆರೆದಿದ್ದರು. ಅಕ್ಕ ಅವರ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಬನ್ನಿ, ನಾಳೆ ಬರೋಣ. ಒಳಗೆ ಯಾರಿದ್ರು ಅಂತ ನಾವು ನೋಡಿಲ್ಲ."

ಕಟಿಂಗ್ ಶಾಪಿನ ಮುಂದೆ ಹಾದುಹೋಗುವಾಗ ಭಾವನ ಹೆಜ್ಜೆ ತುಸು ನಿಧಾನವಾಯಿತು. ಆದರೆ ನಿಲ್ಲಲಿಲ್ಲ. ಇವತ್ತಿನವರೆಗೆ ಅವರು ಯಾರಿಗೂ ಹೇಳಿಲ್ಲ. ನಾನಂತೂ ಹೇಳಲು ಏನನ್ನೂ ನೋಡಿಯೇ ಇಲ್ಲ. ಕಂದು ಬಣ್ಣದ ಶೂ ಈ ಊರಿನಲ್ಲಿ ಎಷ್ಟೋ ಜನ ಹಾಕುತ್ತಾರೆ.